ಮುಯ್ಯಾಳು

ಆ ದಿನ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಎಷ್ಟು ದಟ್ಟವಾಗಿ ಹತ್ತಿ ಬಂದಿತ್ತೆಂದರೆ, ಹೂಚಟ್ಟ ಕಟ್ಟುತ್ತಿದ್ದ ಮುದುಕರಿಗೆ ಹಗ್ಗದ ಆಚೆ ತುದಿ ಹಿಡಿದವನು ಯಾರೆಂದು ಕಾಣುತ್ತಿರಲಿಲ್ಲ. ‘ಎಳಿ’ ಎಂದರೆ ಯಾರೋ ಎಳೆಯುತ್ತಿದ್ದರು, ‘ಸಾಕು’ ಎಂದರೆ ಯಾರೋ ಬಿಡುತ್ತಿದ್ದರು. ಚಟ್ಟಕ್ಕೆ ಸಿಕ್ಕಿಸಿದ ಕಾಗದದ ಹೂಗಳು ಆಗಲೇ ತೇವಕ್ಕೆ ತಲೆ ಬಾಗಿಸಿದ್ದವು. ಅಷ್ಟರಲ್ಲಿ ಸಭಾಮನೆಯ ಕಂಬದ ಮೇಲಿನ ಮೈಕು ಗೊರಗುಟ್ಟಿತು.

“ಊರ ಹಿರಿಯರಿಗೆಲ್ಲ ನಮಸ್ಕಾರ. ಮಿಜೋದಮ್ಮನ ಚಟ್ಟ ಇನ್ನು ಸ್ವಲ್ಪ ಹೊತ್ತಿಗೆ ಏಳುತ್ತೆ. ಹೆಗಲು ಕೊಡೋರು ಸಭಾಮನೆ ಅಂಗಳಕ್ಕೆ ಬರಬೇಕು. ಸೊಂಟ ನೋವಿರೋರು ದಯವಿಟ್ಟು ಹೆಗಲು ಕೊಡಬೇಡಿ, ಹೋದ ಸಲ ಆದ ಹಾಗೆ ಆಗೋದು ಬೇಡ. ಮಧ್ಯಾಹ್ನ ಎಲ್ಲರಿಗೂ ಇಲ್ಲೇ ಊಟ. ಇನ್ನೊಂದು ಮಾತು. ನಾಳೆ ಮಳೆ ಅಂತ ಟೀವಿಲಿ ಹೇಳಿದಾರೆ. ಬೆಳ್ಳುಳ್ಳಿ ಕಿತ್ತು ಹೊಲದಲ್ಲೇ ಬಿಟ್ಟಿರೋರು ನೆನಪಿಟ್ಕೊಳ್ಳಿ.”

ಮೈಕು ಬಾಯಿ ಮುಚ್ಚಿತು. ಮಂಜಿನೊಳಗೆ ಒಬ್ಬ ಮುದುಕ ಹಗ್ಗ ಬಿಟ್ಟು ಸೊಂಟದ ಮೇಲೆ ಕೈಯಿಟ್ಟ.

“ಸೊಂಟ ನೋವಿರೋರು ಅಂದ್ರೆ ನನಗೇ ಅಂದಿದ್ದಲ್ವಾ ಅವಳು?”

“ಇನ್ಯಾರಿಗೆ? ಹೋದ ಸಲ ಅರ್ಧ ದಾರೀಲಿ ಹೆಣ ಇಳಿಸಿ ನಿನ್ನನ್ನ ಹೊರಬೇಕಾಯ್ತಲ್ಲೋ,” ಎಂದ ದೊಕ್ಸು ಅಜ್ಜ. ಊರಿನಲ್ಲಿ ಯಾರೇ ಸತ್ತರೂ ಚಟ್ಟದ ಮುಂದೆ ಗಂಟೆ ಹಿಡಿದು ಹಾಡುವವನು ಅವನೇ.

“ಅಲ್ಲಾ, ಸತ್ತೋಳು ಸ್ವಂತ ಅಜ್ಜಿ. ದನಿ ಒಂಚೂರಾದ್ರೂ ನಡುಗಿತಾ ನೋಡು ಆ ಹುಡುಗೀದು.”

“ನಡುಗಿದ್ರೆ ಮಿಜೋದಮ್ಮ ಎದ್ದು ಬಂದು ಬಯ್ತಾಳೆ ಅಂತ ಗೊತ್ತು ಅವಳಿಗೆ. ಎಳಿಯಯ್ಯಾ ಹಗ್ಗ.”

ಮಿಜೋದಮ್ಮನ ನಿಜವಾದ ಹೆಸರು ಮಾಲ್ಸುನ್ ಎಂಬುದು ಊರಿನ ಅರ್ಧ ಜನಕ್ಕೆ ತಿಳಿದದ್ದು ಶವಪೆಟ್ಟಿಗೆಯ ಮೇಲಿನ ಕೆಂಪು ಬಟ್ಟೆಯಲ್ಲಿ ಅದನ್ನು ಬರೆದ ಮೇಲೆ. ಮಿಜೋ ಅವಳ ತವರೂರು. ನಾಮ್‌ಹೇ ದ್ವೀಪದ ಈ ಮೆಟ್ಟಿಲು ಹೊಲಗಳ ಊರಿಗೆ ಸೊಸೆಯಾಗಿ ಬಂದ ದಿನದಿಂದ ಅದೇ ಅವಳ ಹೆಸರು. ಎಂಬತ್ತಮೂರು ವರ್ಷ ಬಾಳಿ, ಮೊನ್ನೆ ಮಧ್ಯಾಹ್ನ ಬೆಳ್ಳುಳ್ಳಿ ಹೊಲದ ಬದುವಿನ ಮೇಲೆ ‘ಉಸ್ಸಪ್ಪಾ’ ಎಂದು ಕೂತವಳು ಮತ್ತೆ ಏಳಲಿಲ್ಲ. ಸಾವಿಗಿಂತ ಹೆಚ್ಚಾಗಿ ದಣಿವಾರಿಸಿಕೊಳ್ಳುವುದು ಮುಗಿಯದೆ ಹೋದಂತಿತ್ತು.

ಮೈಕಿನಲ್ಲಿ ಮಾತಾಡಿದ ಮೊಮ್ಮಗಳು ಬೊರಾಮ್ ಎರಡು ಊರುಗೋಲುಗಳ ಮೇಲೆ ಭಾರ ಬಿಟ್ಟು ಸಭಾಮನೆಯಿಂದ ಹೊರಬಂದಳು. ಇಪ್ಪತ್ತಾರರ ಹುಡುಗಿ. ನಡೆಯುವಾಗ ಮಂಡಿಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಸಭಾಮನೆಯಿಂದ ಅಜ್ಜಿಯ ಮನೆ ನಾಲ್ಕು ಬಾಗಿಲಿನಷ್ಟು ದೂರ. ಅವಳು ತಲುಪುವ ಹೊತ್ತಿಗೆ ಅಮ್ಮ ಯೊನ್‌ಜು ಒಳಗೆ ಪೆಟ್ಟಿಗೆ ತುಂಬುತ್ತಿದ್ದಳು.

“ಬೊರಾಮ್, ನಿನ್ನ ಮಾತ್ರೆ ಡಬ್ಬ ಎಲ್ಲಿ? ಚಳಿಗಾಲದ ಬಟ್ಟೆ ಇರ್ಲಿ, ಆಮೇಲೆ ಅಪ್ಪ ಬಂದು ತರ್ತಾರೆ.”

“ಅಮ್ಮಾ, ಅಜ್ಜೀನ ಇನ್ನೂ ಎತ್ತೇ ಇಲ್ಲ. ಆಗ್ಲೇ ನನ್ನನ್ನ ಕಟ್ತಾ ಇದೀಯಲ್ಲ.”

“ಸಂಜೆ ಹೊರಡೋದು ಅಂತ ಮಾತಾಗಿದೆ. ಚಾಂಗ್ವೊನ್‌ನ ಮನೆ ತಲುಪೋಷ್ಟರಲ್ಲಿ ಕತ್ತಲಾಗುತ್ತೆ. ನಾಳೆ ನಾನು ಶಾಲೆಯ ಅಡುಗೆಮನೆಗೆ ಹೋಗ್ಬೇಕು, ಅಪ್ಪ ಕಾರ್ಖಾನೆಗೆ.”

“ಮಾತಾಗಿದ್ದು ನಿಮ್ಮಿಬ್ಬರಿಗೆ. ನನಗಲ್ಲ.”

ಯೊನ್‌ಜು ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡಳು. “ನಿನ್ನೊಬ್ಬಳನ್ನೇ ಇಲ್ಲಿ ಹೇಗೆ ಬಿಟ್ಟು ಹೋಗ್ಲೇ? ಬಿದ್ರೆ ಎತ್ತೋರು ಯಾರು?”

“ಬಿದ್ರೆ ನಾನೇ ಏಳ್ತೀನಿ. ಹೊತ್ತು ಹಿಡಿಯುತ್ತೆ, ಅಷ್ಟೇ.”

“ಇಷ್ಟು ದಿನ ಅಜ್ಜಿ ಇದ್ರು. ಅದು ಬೇರೆ.”

“ಅಜ್ಜಿ ಒಬ್ಬಳೇ ಇರ್ಲಿಲ್ಲ. ಊರಿತ್ತು.”

“ಊರು!” ಯೊನ್‌ಜುವಿನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಪಾಪ ಅಂತ ನೋಡ್ಕೊಂಡ್ರು ಮಗಳೇ. ಅಜ್ಜಿ ಮುಖ ನೋಡಿ ನೋಡ್ಕೊಂಡ್ರು. ಇನ್ನು ಆ ಮುಖ ಇಲ್ಲ. ಜನರ ಅಯ್ಯೋ ಪಾಪದ ಮೇಲೆ ಎಷ್ಟು ದಿನ ಬದುಕ್ತೀಯ?”

ಬೊರಾಮ್ ಊರುಗೋಲುಗಳನ್ನು ಗೋಡೆಗೆ ಒರಗಿಸಿ ಹೊಸ್ತಿಲ ಮೇಲೆ ಕೂತಳು. ಅಮ್ಮ ಹೇಳಿದ್ದು ಸುಳ್ಳೆಂದು ಅವಳಿಗೆ ಅನ್ನಿಸಿದ್ದರೆ ಜಗಳವಾಡುತ್ತಿದ್ದಳು. ಈ ಎರಡು ರಾತ್ರಿ ಅವಳು ತನ್ನನ್ನೇ ಕೇಳಿಕೊಂಡದ್ದೂ ಅದನ್ನೇ.

*

ಬೊರಾಮ್ ಹುಟ್ಟಬೇಕಾಗಿದ್ದದ್ದು ವಸಂತದಲ್ಲಿ. ಹುಟ್ಟಿದ್ದು ಹೊಸ ವರ್ಷದ ಹಬ್ಬಕ್ಕೆ ವಾರವಿರುವಾಗ, ಹಿಮ ಬೀಳುತ್ತಿದ್ದ ರಾತ್ರಿ. ಒಂದು ಕಿಲೋ ತುಂಬದ ಮಗುವನ್ನು ಜಿಂಜುವಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದರು. ಮಿಜೋದಮ್ಮ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋದಳು. ಒಳಗೆ ಬಿಡುತ್ತಿದ್ದದ್ದು ತಂದೆ ತಾಯಿಯನ್ನು ಮಾತ್ರ. ಅವಳು ಕಿಟಕಿಯಾಚೆ ನಿಂತು ನೋಡಿದಳು. ಕೊಳವೆಗಳ ನಡುವೆ ಮಗುವಿನ ಒಂದು ಪಾದ ಮಾತ್ರ ಕಾಣುತ್ತಿತ್ತು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ.

ಮೂರನೆಯ ದಿನ ಮಗುವಿನ ನೆತ್ತಿಯ ಮೆತ್ತನೆಯ ಜಾಗಕ್ಕೆ ಯಂತ್ರ ಹಚ್ಚಿ ನೋಡಿದರು. ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವಳು. ಮಗುವಿನ ಅಪ್ಪ ಗಿಟೇ, ಅಮ್ಮ ಯೊನ್‌ಜು ಮತ್ತು ಗಿಟೇಯ ತಾಯಿ ಮಿಜೋದಮ್ಮನನ್ನು ಕೂರಿಸಿಕೊಂಡು, ಹಾಳೆಯ ಮೇಲೆ ತಲೆಯ ಚಿತ್ರ ಬರೆದು ಹೇಳಿದಳು. ಮೆದುಳಿನ ನಡುವೆ ನೀರು ತುಂಬಿದ ಗೂಡುಗಳಿರುತ್ತವೆ. ದಿನ ತುಂಬದ ಮಗುವಿನಲ್ಲಿ ಆ ಗೂಡಿನ ಅಂಚಿನ ರಕ್ತನಾಳಗಳು ಬಹಳ ತೆಳು. ಅಲ್ಲಿ ರಕ್ತ ಒಸರಿದೆ. ಪಕ್ಕದ ಬಿಳಿಯ ಭಾಗಕ್ಕೂ ಪೆಟ್ಟಾಗಿದೆ.

ಯೊನ್‌ಜು ಚಿತ್ರವನ್ನೇ ನೋಡುತ್ತಿದ್ದಳು. ಮಿಜೋದಮ್ಮ ಮುಂದೆ ಬಾಗಿದಳು.

“ಅಂದ್ರೆ ತಾಯೀ, ನೀರಿನ ತೊಟ್ಟಿ ಪಕ್ಕದ ದಾರಿ ಕುಸೀತು ಅಂತ ಅಲ್ವಾ?”

ವೈದ್ಯೆ ಸ್ವಲ್ಪ ಯೋಚಿಸಿದಳು. “ಹೌದಜ್ಜಿ. ಹೆಚ್ಚುಕಮ್ಮಿ ಹಾಗೇ. ಕಾಲಿಗೆ ಹೋಗೋ ದಾರಿ ಆ ತೊಟ್ಟಿ ಮಗ್ಗುಲಲ್ಲೇ ಹಾಯುತ್ತೆ. ಅದಕ್ಕೇ ಕಾಲಿಗೆ ಜಾಸ್ತಿ ತೊಂದ್ರೆ ಆಗಬಹುದು. ಕಣ್ಣಿಗೆ ಕಂಡದ್ದನ್ನ ಅಳೆಯೋದು, ಲೆಕ್ಕ ಮಾಡೋದು ಕೂಡ ಕಷ್ಟ ಆಗಬಹುದು.”

“ನಮ್ಮೂರಲ್ಲಿ ದಾರಿ ಕುಸಿದ್ರೆ ಸುತ್ತು ಹಾಕಿ ಹೋಗ್ತೀವಿ.”

“ಚಿಕ್ಕ ಮಕ್ಕಳ ಮೆದುಳೂ ಸುತ್ತುದಾರಿ ಹುಡುಕುತ್ತೆ ಅಜ್ಜಿ, ಕೆಲವು ಸಲ. ಎಲ್ಲೀವರೆಗೆ ಹೋಗುತ್ತೆ ಅಂತ ನಾನು ಈಗ್ಲೇ ಹೇಳಿದ್ರೆ ಸುಳ್ಳಾಗುತ್ತೆ.”

“ನೀನು ಸುಳ್ಳು ಹೇಳ್ಲಿಲ್ಲವಲ್ಲ, ಅಷ್ಟು ಸಾಕು,” ಎಂದು ಮಿಜೋದಮ್ಮ ಅವಳ ಕೈ ಹಿಡಿದುಕೊಂಡಳು.

ಹೊರಗೆ ಮೆಟ್ಟಿಲಿನ ಮೇಲೆ ಯೊನ್‌ಜು ಅತ್ತಳು. “ಅತ್ತೇ, ಆ ದಿನ ನಾನು ಬಕೆಟ್ ಎತ್ತಬಾರದಿತ್ತು. ತುಂಬಿದ ಬಕೆಟ್ ಎತ್ತಿದೆ.”

“ನಾಲ್ಕು ಹೆತ್ತೆ ನಾನು, ನಾಲ್ಕಕ್ಕೂ ಬಕೆಟ್ ಎತ್ತಿದೀನಿ. ನಿನ್ನದೇನು ಅಷ್ಟೊಂದು ಭಾರದ ಬಕೆಟ್ಟು? ಬಾವಿ ಸಮೇತ ಎತ್ತಿದ್ಯಾ?” ಎಂದು ಅತ್ತೆ ಸೊಸೆಯ ಮೂಗು ಒರೆಸಿದಳು. “ಅವಳಿಗೆ ಅವಸರ ಇತ್ತು, ಬಂದ್ಲು. ಇನ್ನು ಮೇಲೆ ಅವಸರ ಮಾಡದ ಹಾಗೆ ನೋಡ್ಕೊಳ್ಳೋಣ.”

ಅವಸರ ಮಾಡಿದ್ದು ಊರಿನ ಲೆಕ್ಕ. ಹುಟ್ಟಿದ ಮಗುವಿಗೆ ಅಂದೇ ಒಂದು ವರ್ಷ, ಹೊಸ ವರ್ಷ ಬಂದರೆ ಇನ್ನೊಂದು. ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗಲೇ ಬೊರಾಮ್‌ಗೆ ಎರಡು ವರ್ಷವಾಯಿತು. ನೂರನೆಯ ದಿನಕ್ಕೆ ಮಿಜೋದಮ್ಮ ವಾಡಿಕೆಯಂತೆ ಬಿಳಿ ಅಕ್ಕಿಯ ಕಡುಬು ಬೇಯಿಸಿ ಮನೆಮನೆಗೆ ಹಂಚಿದಳು. ಅದೇ ದಿನ ಮಗುವನ್ನು ನೋಡಿದ ವೈದ್ಯೆ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು, ಹಾಗೆ ನೋಡಿದರೆ ಇದು ಒಂದು ವಾರದ ಕೂಸು ಎಂದಳು.

“ಊರಿನ ಪ್ರಕಾರ ಎರಡು ವರ್ಷ, ಕಡುಬಿನ ಪ್ರಕಾರ ನೂರು ದಿನ, ಡಾಕ್ಟರಮ್ಮನ ಪ್ರಕಾರ ಒಂದು ವಾರ,” ಎಂದು ಮಿಜೋದಮ್ಮ ಕಡುಬು ಕೊಡುತ್ತ ಎಲ್ಲರ ಬಾಗಿಲಲ್ಲೂ ನಗುತ್ತಿದ್ದಳು. “ಕತ್ತು ಎತ್ತಲಿಲ್ಲ ಅಂತ ಇದರಲ್ಲಿ ಯಾರನ್ನ ಬಯ್ಲಿ ಹೇಳಿ?”

ಅವಳು ನಕ್ಕಳೇ ಹೊರತು ಊರು ನಗಲಿಲ್ಲ. ಎದುರು ಮನೆಯ ಎರಡು ವರ್ಷದವನು ಓಡುತ್ತಿದ್ದ. ಈ ಮನೆಯ ಎರಡು ವರ್ಷದವಳಿಗೆ ಕತ್ತು ನಿಲ್ಲುತ್ತಿರಲಿಲ್ಲ. ‘ಎರಡಾಯ್ತು, ಇನ್ನೂ ಹೀಗೇ ಇದೆಯಲ್ಲ’ ಎಂದು ನೋಡಿದವರೆಲ್ಲ ಹೇಳಿ ಹೇಳಿ, ಆ ಮಾತು ಯೊನ್‌ಜುವಿನ ಎದೆಯಲ್ಲಿ ಕೂತುಬಿಟ್ಟಿತು. ಮಿಜೋದಮ್ಮ ಬೆಳಗಿನ ಜಾವ ಬಾವಿಯ ಮೊದಲ ನೀರು ಬಟ್ಟಲಲ್ಲಿಟ್ಟು ಮಕ್ಕಳನ್ನು ಕೊಡುವ ದೇವತೆ ಸಂಸಿನ್ ಅಜ್ಜಿಗೆ ಕೈಮುಗಿಯುತ್ತಿದ್ದಳು. ಬೇಡುವುದಕ್ಕಿಂತ ಮಾತಾಡುವುದೇ ಹೆಚ್ಚು. “ಕಳಿಸೋದು ನಿನ್ನ ಕೆಲಸ, ಕಳಿಸಿದ್ದೀಯ. ಕಾಲಿನ ವಿಚಾರ ನನಗೆ ಬಿಡು.”

*

ಚಟ್ಟ ಎದ್ದಾಗ ಮಂಜು ಮನೆಯ ಸೂರುಗಳವರೆಗೆ ಏರಿತ್ತು. ಹಿರಿಯ ಅಳಿಯ ಭಾವಚಿತ್ರ ಹಿಡಿದು ಮುಂದೆ ನಿಂತ. ಹಿಂದೆ ದೊಕ್ಸು ಅಜ್ಜನ ಗಂಟೆ, ಅದರ ಹಿಂದೆ ಹನ್ನೆರಡು ಹೆಗಲು. ಅವುಗಳಲ್ಲಿ ಅರವತ್ತು ದಾಟದ ಹೆಗಲು ಎರಡೇ. ಸತ್ತವರ ಮಾತನ್ನು ಸತ್ತವರ ದನಿಯಲ್ಲೇ ಹಾಡುವುದು ಗಂಟೆ ಹಿಡಿದವನ ಕೆಲಸ.

“ಹೋಗ್ತೀನಿ ನಾ ಹೋಗ್ತೀನಿ, ಒಲೆಯ ಕೆಂಡ ಮುಚ್ಚಿ ಹೋಗ್ತೀನಿ,” ಎಂದು ದೊಕ್ಸು ಅಜ್ಜ ಎತ್ತಿದ.

“ಓ ಹೋ, ಓ ಹೋ,” ಎಂದು ಹೆಗಲುಗಳು ದನಿಗೂಡಿಸಿದವು.

ಆ ಊರಿನ ಚಟ್ಟ ನೇರವಾಗಿ ಹೋಗುವುದಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹೋಗುವ ಜೀವಕ್ಕೆ ಹೋಗಲು ಮನಸ್ಸಿಲ್ಲವೆಂದು ಹಾಗೆ. ಅಂದು ಅದು ಒಮ್ಮೊಮ್ಮೆ ಮೂರು ಹೆಜ್ಜೆ ಹಿಂದೆ ಹೋಗುತ್ತಿತ್ತು. ಮೊದಲ ತಿರುವಿನಲ್ಲಿ ಅಳಿಯ ಕೈಗಡಿಯಾರ ನೋಡಿಕೊಂಡು ಹಿಂತಿರುಗಿದ.

“ದೊಕ್ಸು ಅಜ್ಜಾ, ಮಧ್ಯಾಹ್ನಕ್ಕೆ ಮುಂಚೆ ಮಣ್ಣಿಗಿಳಿಸ್ಬೇಕು ಅಂತ ಹೊತ್ತು ಕೊಟ್ಟಿದಾರೆ. ಹೀಗೆ ನಡೆದ್ರೆ ಸಂಜೆ ಆಗುತ್ತೆ.”

“ಸತ್ತೋಳಿಗಿಲ್ಲದ ಅವಸರ ನಿಮಗ್ಯಾಕ್ರೀ? ನೀವು ಆ ಫೋಟೋ ನೆಟ್ಟಗೆ ಹಿಡ್ಕೊಳ್ಳಿ, ಅತ್ತೆ ಆಕಾಶ ನೋಡ್ತಾ ಇದಾಳೆ.”

ಅವನು ಮತ್ತೆ ಹಾಡಿದ: “ಬೇಗ ಹೋಗಿ ಮಾಡೋದೇನು, ಅಲ್ಲಿ ಬೆಳ್ಳುಳ್ಳಿ ಹೊಲವೂ ಇಲ್ಲ!” ಅಳುತ್ತಿದ್ದ ಹೆಣ್ಣುಮಕ್ಕಳು ಅಳುವಿನ ನಡುವೆಯೇ ಕಿಸಕ್ಕನೆ ನಕ್ಕರು. ಹಾಡುತ್ತ ದೊಕ್ಸು ಅಜ್ಜ ಕಣ್ಣಂಚಿನಲ್ಲಿ ಹಿಂದೆ ನೋಡುತ್ತಿದ್ದ. ಮೆರವಣಿಗೆಯ ಕೊನೆಯಲ್ಲಿ ಎರಡು ಊರುಗೋಲುಗಳು ಕಂಡರೆ ಗಂಟೆ ಮುಂದಕ್ಕೆ, ಕಾಣದಿದ್ದರೆ ಹಿಂದಕ್ಕೆ.

ಯೊನ್‌ಜು ಮಗಳ ಪಕ್ಕದಲ್ಲಿದ್ದಳು. ಕಾರಿನಲ್ಲಿ ಗುಡ್ಡದ ಹಿಂದಿನ ರಸ್ತೆಯಿಂದ ಕರೆದೊಯ್ಯುವೆನೆಂದು ಅವಳು ಹೇಳಿದ್ದಳು. ಬೊರಾಮ್ ಕೇಳಿರಲಿಲ್ಲ. ಓಣಿಯ ಮೆಟ್ಟಿಲುಗಳು ಶುರುವಾದವು. ಒಂದೊಂದು ಮೆಟ್ಟಿಲಿಗೂ ಬೊರಾಮ್ ಮೊದಲು ಎಡಗೋಲು, ಆಮೇಲೆ ಬಲಗೋಲು, ಆಮೇಲೆ ಎರಡೂ ಕಾಲು ಒಟ್ಟಿಗೆ ಇಡುತ್ತಿದ್ದಳು. ಮಂಜಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ಯೊನ್‌ಜುಗೆ ಮೊದಲ ಸಲ ಕಂಡಿತು: ಪ್ರತಿ ಮೆಟ್ಟಿಲಿನ ತುದಿಗೂ ಒಂದು ಬಿಳಿಯ ಗೆರೆ. ಅತ್ತೆಯ ಮನೆಯ ಮುಂದೆ ಅದಿರುವುದು ಅವಳಿಗೆ ಗೊತ್ತಿತ್ತು. ಇಲ್ಲಿ ಓಣಿ ಮುಗಿಯುವವರೆಗೂ ಇತ್ತು, ಒಂದೊಂದು ಮನೆಯ ಮುಂದೆ ಒಂದೊಂದು ತೆರನಾಗಿ. ಕೆಲವು ನೆಟ್ಟಗೆ, ಕೆಲವು ಸೊಟ್ಟ, ಒಂದೆಡೆ ಬಿಳಿ ಮುಗಿದು ಹಳದಿ.

“ಇದನ್ನೆಲ್ಲ ಯಾರು ಬಳಿದಿದ್ದು?”

“ಅವರವರ ಮೆಟ್ಟಿಲು ಅವರವರು. ವರ್ಷಕ್ಕೊಂದು ಸಲ ನಾನು ಮೈಕಲ್ಲಿ ನೆನಪು ಮಾಡ್ತೀನಿ,” ಎಂದಳು ಬೊರಾಮ್ ಏದುಸಿರಿನ ನಡುವೆ. “ಹಳದಿ ಸಾಂಗ್ಜುದಮ್ಮಂದು. ಬಿಳಿ ಬಣ್ಣ ಅವಳಿಗೆ ಸಾವಿನ ಬಣ್ಣ ಅಂತೆ.”

ಮೆಟ್ಟಿಲು ಮುಗಿದು ಗುಡ್ಡದ ಮಣ್ಣಿನ ಏರು ಬಂತು. ಬೊರಾಮ್ ನಿಂತಳು. ಒಮ್ಮೆ ಮೇಲೆ ನೋಡಿದಳು, ಒಮ್ಮೆ ತನ್ನ ಕಾಲು ನೋಡಿದಳು. ಯೊನ್‌ಜು ಬುದ್ಧಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೂಗಿದಳು.

“ಅಪ್ಪಾ! ನನ್ನ ಕಾಲಿನ ಕೆಲಸ ಇಲ್ಲಿಗೆ ಮುಗೀತು. ಇಲ್ಲಿಂದ ನಿನ್ನ ಬೆನ್ನು ಕೊಡು.”

ಸೂತಕದ ಸೆಣಬಿನ ಪಟ್ಟಿ ಕಟ್ಟಿಕೊಂಡಿದ್ದ ಗಿಟೇ ಬಂದು ಮಣ್ಣಿನಲ್ಲಿ ಮಂಡಿಯೂರಿದ. ಮಗಳು ಕತ್ತು ತಬ್ಬಿದಳು.

“ಭಾರ ಆಗಿದೀಯ ಕಣೇ.”

“ಅಜ್ಜಿ ಹಾಕಿದ ಅನ್ನ. ಅಜ್ಜೀನೇ ಕೇಳು.”

ಮೇಲೆ ಗಂಟೆ ನಿಂತಿತ್ತು. ಗಿಟೇ ಎದ್ದು ನಿಂತ ಮೇಲೆ ಅದು ಮತ್ತೆ ಮೊಳಗಿತು.

*

ಕಾಲಿನ ವಿಚಾರ ಮಿಜೋದಮ್ಮ ಹೇಳಿದಷ್ಟು ಸುಲಭವಾಗಿರಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸು ಹತ್ತಿ ವ್ಯಾಯಾಮ ಕಲಿಸುವವರ ಬಳಿ ಹೋಗಿ ಬರುವುದು ವರ್ಷಗಟ್ಟಲೆ ನಡೆಯಿತು. ಬೊರಾಮ್ ಕೂತದ್ದು ಬೇರೆ ಮಕ್ಕಳು ಓಡುವಾಗ. ನಿಂತದ್ದು ಅವರು ಶಾಲೆಗೆ ಹೋಗುವಾಗ. ಮಾತು ಮಾತ್ರ ಎಲ್ಲರಿಗಿಂತ ಮೊದಲು ಬಂತು. ಕಾರ್ಖಾನೆ, ಮೂರನೇ ಮಹಡಿಯ ಬಾಡಿಗೆ ಮನೆ, ರಾತ್ರಿ ಪಾಳಿ ಎಂದು ಗಿಟೇ ಯೊನ್‌ಜು ಕಷ್ಟಪಡುವಾಗ ಮಗು ಅಜ್ಜಿಯ ಊರಲ್ಲಿ ಉಳಿಯಿತು. ಪ್ರತಿ ಬೆಳಿಗ್ಗೆ ಅಡಿಯಲ್ಲಿ ಬೆಂಕಿ ಹಾಕಿ ಬೆಚ್ಚಗೆ ಕಾಯಿಸಿದ ನೆಲದ ಮೇಲೆ ಮಲಗಿಸಿ ಮಿಜೋದಮ್ಮ ಆ ಬಿಗಿದ ಕಾಲುಗಳನ್ನು ನೀವಿ ನೀವಿ ಬಿಡಿಸುತ್ತಿದ್ದಳು.

“ಅಯ್ಯಯ್ಯೋ, ಅಜ್ಜೀ, ಹರಿದುಹೋಗುತ್ತೆ!”

“ಹರಿದ್ರೆ ಹೊಲೀತೀನಿ. ಸೂಜಿ ದಾರ ಇಲ್ಲೇ ಇದೆ. ಇನ್ನೊಂದು ಸಲ ಚಾಚು.”

ಶಾಲೆಯಲ್ಲಿ ಓದು ಬಂತು, ಕೂಡುವುದು ಕಳೆಯುವುದು ಬರಲಿಲ್ಲ. ಗಡಿಯಾರದ ಮುಳ್ಳು ನೋಡಿದರೆ ಹೊತ್ತು ತಿಳಿಯುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುವುದೆಂದು ಕಣ್ಣಿಗೆ ಗೊತ್ತಾಗದೆ ಬೀಳುತ್ತಿದ್ದಳು. ಕಣ್ಣಿನ ತಪ್ಪಲ್ಲ, ಕಣ್ಣು ಕಂಡದ್ದನ್ನು ತಲೆಗೆ ಒಯ್ಯುವ ದಾರಿಯದು ಎಂದಿದ್ದರು ಆಸ್ಪತ್ರೆಯಲ್ಲಿ. ಮಿಜೋದಮ್ಮ ಸುಣ್ಣ ಕಲಸಿ ತನ್ನ ಮೆಟ್ಟಿಲ ಅಂಚಿಗೆ ಬಳಿದಳು. ಮರುದಿನ ತಾನೂ ಬಣ್ಣ ಹಿಡಿದು ಕೂತವಳು ಎದುರು ಮನೆಯ ಸಾಂಗ್ಜುದಮ್ಮ. ಬಾಯಿ ಒರಟು, ಕಣ್ಣು ಬೇಗ ತುಂಬುವ ಹೆಂಗಸು.

ಅದೇ ಸಾಂಗ್ಜುದಮ್ಮನ ಜೊತೆಗೇ ಮಿಜೋದಮ್ಮನಿಗೆ ದೊಡ್ಡ ಜಗಳವೂ ಆಯಿತು.

ಆ ಊರಿನ ಬೆಳ್ಳುಳ್ಳಿ ಏಳುವುದು ಮುಯ್ಯಾಳಿನ ಮೇಲೆ. ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯಿಲ್ಲ, ಋಣವೂ ನಿಲ್ಲುವುದಿಲ್ಲ. ಮಗು ಆಸ್ಪತ್ರೆಯಲ್ಲಿದ್ದ ಚಳಿಗಾಲದಲ್ಲಿ ಊರವರು ಮಿಜೋದಮ್ಮನ ಹೊಲದ ಕಳೆ ತೆಗೆದಿದ್ದರು. ಅಷ್ಟೂ ದಿನಗಳ ಮುಯ್ಯಿಯನ್ನು ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ತೀರಿಸಿದಳು.

ಬೊರಾಮ್ ಹದಿನೆಂಟು ದಾಟಿದ ವರ್ಷ, ಕೂರಲು ಸೊಂಟಕ್ಕೆ ಕಟ್ಟುವ ದುಂಡು ಮೆತ್ತೆ ಹಾಕಿಕೊಂಡು ಮೊದಲ ಸಲ ಸಾಂಗ್ಜುದಮ್ಮನ ಹೊಲದಲ್ಲಿ ಕೂತು ಬೆಳ್ಳುಳ್ಳಿ ಕಂತೆ ಕಟ್ಟಿದಳು. ನಿಧಾನ. ಎಷ್ಟು ಗೆಡ್ಡೆ ಎಂಬ ಲೆಕ್ಕ ತಪ್ಪುತ್ತಿತ್ತು, ಅದಕ್ಕೆ ಕಂತೆಯನ್ನು ಎಣಿಸದೆ ತೋಳಿನಲ್ಲಿ ತಬ್ಬಿ ಅಳೆಯುತ್ತಿದ್ದಳು. ಸಂಜೆ ಆಳುಗಳ ಲೆಕ್ಕ ಹಾಕುವಾಗ ಸಾಂಗ್ಜುದಮ್ಮ, “ಮಿಜೋದಮ್ಮಂದು ಒಂದಾಳು,” ಎಂದಳು.

“ಬೊರಾಮ್‌ದು?”

“ಅಯ್ಯೋ ಬಿಡೇ. ಪಾಪ, ಅವಳದ್ದಕ್ಕೂ ಲೆಕ್ಕಾನಾ? ಮಗು ಆಟಕ್ಕೆ ಕಟ್ತು.”

“ಆಟಕ್ಕೆ ಕಟ್ಟಿದ್ದಾದ್ರೆ ಬಿಚ್ಚಿ ಹಾಕು ಆ ಕಂತೆಗಳನ್ನ. ನಿಂಗೆ ಬೇಡ ತಾನೆ?”

“ಅಲ್ಲ ಕಣೇ, ಒಳ್ಳೇದಕ್ಕೆ ಹೇಳಿದ್ರೆ...”

“ನಿನ್ನ ಒಳ್ಳೇದು ನಿನ್ನ ಹತ್ರಾನೇ ಇರ್ಲಿ. ಲೆಕ್ಕಕ್ಕೆ ಹಿಡಿ.”

ಆ ಹಂಗಾಮೆಲ್ಲ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಊರವರೇ ನಡುವೆ ಬಿದ್ದು ಮಾಡಿದ ರಾಜಿ ಇದು: ಅಜ್ಜಿ ಮೊಮ್ಮಗಳು ಸೇರಿ ಒಂದಾಳು. ಮಿಜೋದಮ್ಮ ಒಪ್ಪಿದಳು, ಆದರೆ ಮನಸ್ಸಿನಿಂದಲ್ಲ. ಅಂದಿನಿಂದ ಎಂಟು ಬೆಳೆ ಬಂದು ಹೋದವು. ಅಜ್ಜಿಯ ಕೈ ನಿಧಾನವಾಗುತ್ತ ಬಂತು, ಮೊಮ್ಮಗಳ ಕೈ ಪಳಗುತ್ತ ಬಂತು. ಲೆಕ್ಕ ಮಾತ್ರ ಬದಲಾಗಲಿಲ್ಲ. ಲೆಕ್ಕ ಬಾರದ ಬೊರಾಮ್‌ಗೂ ಈ ಎರಡು ರಾತ್ರಿ ಒಂದು ಕಳೆಯುವ ಲೆಕ್ಕ ಬಿಡದೆ ಕಾಡಿತ್ತು. ಇಬ್ಬರು ಸೇರಿ ಒಂದಾಗಿದ್ದರಲ್ಲಿ ಅಜ್ಜಿ ಹೋದರೆ ಉಳಿದದ್ದೆಷ್ಟು?

*

ಹೊತ್ತಿಗೆ ಸರಿಯಾಗಿಯೇ ಮಣ್ಣು ಬಿತ್ತು. ಬೊರಾಮ್ ಕೂತಲ್ಲಿಂದಲೇ ಒಂದು ಹಿಡಿ ಹಾಕಿದಳು. ಮಣ್ಣು ತುಳಿಯುವಾಗ ದೊಕ್ಸು ಅಜ್ಜ ಮತ್ತೊಂದು ಹಾಡು ಎತ್ತಿದ, ಮುದುಕರು ಗುಂಡಗೆ ತಿರುಗಿ ತುಳಿದರು. ಗುಡ್ಡ ಇಳಿಯುವ ಹೊತ್ತಿಗೆ ಮಂಜು ಕರಗಿ ಸಮುದ್ರ ಕಾಣಿಸಿತು. ಅದರ ಮೇಲೆ ಬೂದು ಮೋಡ ಕೂತಿತ್ತು.

ಸಭಾಮನೆಯಲ್ಲಿ ಖಾರದ ಮಾಂಸದ ಸಾರು, ಅನ್ನ, ಅಕ್ಕಿಯ ಬಿಳಿ ಹೆಂಡ. ಊಟ ಮಾಡುತ್ತ ಎಲ್ಲರೂ ಕಿಟಕಿಯಾಚೆ ಆ ಮೋಡವನ್ನೇ ನೋಡುತ್ತಿದ್ದರು. ಬಟ್ಟಲು ಕೆಳಗಿಟ್ಟವರು ಒಬ್ಬೊಬ್ಬರಾಗಿ ಗಿಟೇಯ ಕೈ ಹಿಡಿದು, ತಲೆ ಬಾಗಿಸಿ, ಹೊಲದ ಕಡೆ ನಡೆದರು. ಅದನ್ನು ತಪ್ಪೆಂದು ಯಾರೂ ತಿಳಿಯಲಿಲ್ಲ. ಮಿಜೋದಮ್ಮ ಬದುಕಿದ್ದರೆ ಸಾವಿನ ಊಟ ಮುಗಿಸಿ ಮೊದಲು ಏಳುತ್ತಿದ್ದವಳು ಅವಳೇ.

ಗಿಟೇ ಪೆಟ್ಟಿಗೆಗಳನ್ನು ಕಾರಿಗೆ ತುಂಬಿದ. ಯೊನ್‌ಜು ಮನೆಯ ಬಾಗಿಲು ಹಾಕಿ ಮಗಳನ್ನು ಕರೆದಳು. ಉತ್ತರವಿರಲಿಲ್ಲ. ಹಿತ್ತಲಲ್ಲಿ ಇರಲಿಲ್ಲ, ಮೈಕಿನ ಕೋಣೆಯಲ್ಲೂ ಇರಲಿಲ್ಲ. “ಆ ಕಡೆ ಇಳಿದ್ಲು,” ಎಂದು ದೊಕ್ಸು ಅಜ್ಜ ಗಲ್ಲ ಚಾಚಿ ತೋರಿಸಿದ.

ರಸ್ತೆಯ ಕೆಳಗೆ ಸಾಂಗ್ಜುದಮ್ಮನ ಹೊಲ. ಕಿತ್ತು ಒಣಗಿಸಲು ಹಾಕಿದ್ದ ಬೆಳ್ಳುಳ್ಳಿ ಸಾಲುಸಾಲಾಗಿ ಬಿದ್ದಿತ್ತು. ಒಂದು ಸಾಲು ಅರ್ಧದವರೆಗೆ ಕಂತೆಯಾಗಿ, ಉಳಿದರ್ಧ ಹಾಗೆಯೇ ಇತ್ತು. ಆ ಅರ್ಧದ ನಡುವೆ, ಸಾವಿನ ಕಪ್ಪು ಬಟ್ಟೆಯ ಮೇಲೆಯೇ ದುಂಡು ಮೆತ್ತೆ ಕಟ್ಟಿಕೊಂಡು, ಬೊರಾಮ್ ಕೂತಿದ್ದಳು. ಊರುಗೋಲುಗಳು ಬದುವಿನ ಮೇಲಿದ್ದವು. ಸಾಂಗ್ಜುದಮ್ಮ ಸೊಂಟಕ್ಕೆ ಕೈಯಿಟ್ಟು ಅವಳೆದುರು ನಿಂತಿದ್ದಳು.

“ಏ ಹುಡುಗಿ, ಮಣ್ಣು ಕೊಟ್ಟು ಬಂದ ಕೈ ಇನ್ನೂ ಆರಿಲ್ಲ. ಇವತ್ತೇನೇ ಕೆಲಸ? ಏಳು, ಏಳು.”

“ಅಜ್ಜಿ ಮೊನ್ನೆ ಅರ್ಧ ದಿನ ಮಾತ್ರ ಮಾಡಿದ್ಲು. ಅವಳು ಕೂತಿದ್ದು ಇಲ್ಲೇ ಅಲ್ವಾ? ನಾಳೆ ಮಳೆ ಬಂದ್ರೆ ಇದೆಲ್ಲ ಕೊಳೆಯುತ್ತೆ.”

“ಕೊಳೆತ್ರೆ ಕೊಳೀಲಿ ಬಿಡೇ! ಸತ್ತೋಳ ಹತ್ರ ಅರ್ಧ ದಿನ ಕೇಳೋವಷ್ಟು ಕಟುಕಿ ಏನೇ ನಾನು?”

“ನೀವು ಕೇಳ್ಲಿಲ್ಲ. ಹೋದ ವಾರ ನೀವು ನಮ್ಮ ಹೊಲಕ್ಕೆ ಪೂರ್ತಿ ದಿನ ಬಂದಿದ್ರಿ. ಸಂಜೆ ದೀಪ ಹಚ್ಚೋವರೆಗೂ ಇದ್ರಿ.” ಬೊರಾಮ್ ತೋಳು ಸುತ್ತಿ ಕಂತೆ ಅಳೆದು ದಾರ ಬಿಗಿದಳು. “ಅಜ್ಜಿ ಯಾರ ಮುಯ್ಯೀನೂ ಉಳಿಸ್ಕೊಂಡು ಹೋದೋಳಲ್ಲ.”

ಸಾಂಗ್ಜುದಮ್ಮನ ಬಾಯಿ ತೆರೆಯಿತು. ನಾಲಿಗೆಯ ತುದಿಗೆ ಬಂದ ಮಾತು ಅದೇ ಹಳೆಯ ‘ಪಾಪ’ ಎಂದು ಅವಳಿಗೂ ಗೊತ್ತಿತ್ತು, ಬೊರಾಮ್‌ಗೂ ಗೊತ್ತಿತ್ತು. ಅವಳು ಅದನ್ನು ಆಡಲಿಲ್ಲ. ತೋಳಿನಲ್ಲೇ ಕಣ್ಣೊರೆಸಿಕೊಂಡು ಪಕ್ಕದ ಸಾಲಿಗೆ ಹೋಗಿ ತಾನೂ ಕೂತಳು.

ಯೊನ್‌ಜು ಓಡಿ ಇಳಿದು ಬಂದಳು. ಮಗಳ ಎದುರು ಕುಕ್ಕರಗಾಲಿನಲ್ಲಿ ಕೂತು ಗೆಡ್ಡೆಗಳಿಗೆ ಕೈ ಹಾಕಿದಳು.

“ನೀನು ಬರ್ಬೇಡ ಯೊನ್‌ಜು,” ಎಂದಳು ಸಾಂಗ್ಜುದಮ್ಮ, ತಲೆಯೆತ್ತದೆ. “ಅದು ಅವಳ ಸಾಲು.”

ಯೊನ್‌ಜುವಿನ ಕೈ ಗೆಡ್ಡೆಯ ಮೇಲೆ ಹಾಗೆಯೇ ನಿಂತಿತು. ಆಮೇಲೆ ಅವಳು ಎದ್ದು ಬದುವಿನ ಮೇಲೆ, ಊರುಗೋಲುಗಳ ಪಕ್ಕದಲ್ಲಿ ಕೂತಳು. ಮಗಳು ಕೆಲಸ ಮಾಡುವುದನ್ನು ಅವಳು ಹೀಗೆ ಕೂತು ನೋಡಿದ್ದೇ ಇಲ್ಲ. ಬಂದಾಗಲೆಲ್ಲ ಹಬ್ಬ, ಬಂದಾಗಲೆಲ್ಲ ‘ನೀನು ಕೂತ್ಕೋ, ನಾನು ಮಾಡ್ತೀನಿ’. ಈಗ ನೋಡಿದಳು. ದಂಟು ಹೊಂದಿಸಿಕೊಳ್ಳಲು ಎರಡು ಸಲ, ಮೂರು ಸಲ ಪ್ರಯತ್ನ. ಒಮ್ಮೆ ಸೊಟ್ಟಗೆ ಬಂತು, ಬಿಚ್ಚಿದಳು. ಮತ್ತೆ ಕಟ್ಟಿದಳು. ಕಟ್ಟಿದ್ದು ಸಾಂಗ್ಜುದಮ್ಮನ ಕಂತೆಗಿಂತ ಬಿಗಿಯಾಗಿತ್ತು. ಕಾಲು ಸೆಟೆದಾಗ ತಾನೇ ಮಂಡಿ ನೀವಿಕೊಂಡು, “ಹರಿದ್ರೆ ಹೊಲೀತೀನಿ,” ಎಂದು ಅದಕ್ಕೆ ಗದರಿದಳು.

ಮೇಲೆ ರಸ್ತೆಯಲ್ಲಿ ಗಿಟೇ ಬಂದು ನಿಂತ. “ಹೊರಡೋದಲ್ವಾ?” ಎಂದು ಕೂಗಿದ. ಕೆಳಗಿನ ಮೂವರಲ್ಲಿ ಯಾರೂ ತಿರುಗಲಿಲ್ಲ. ಅವನು ಬೂಟು ಬಿಚ್ಚಿ ರಸ್ತೆಯ ಅಂಚಿನಲ್ಲೇ ಕೂತ.

ಗಾಳಿ ತಿರುಗಿತು. ಕೊಂಚ ಹೊತ್ತಾದ ಮೇಲೆ ಸಾಂಗ್ಜುದಮ್ಮ ದಾರವನ್ನು ಹಲ್ಲಿನಲ್ಲಿ ಕಡಿಯುತ್ತ, ಗೆಡ್ಡೆಗಳಿಗೇ ಹೇಳುವಂತೆ ಕೇಳಿದಳು.

“ಮಳೆ ನಿಂತ ಮೇಲೆ ನಿನ್ನ ಮೇಲಿನ ಹೊಲ ಯಾವತ್ತು ಕೀಳ್ತೀಯ? ಮೊದಲೇ ಹೇಳಿಬಿಡು. ನಾನೂ ಆಳು ಹೊಂದಿಸ್ಕೋಬೇಕು. ನೀನು ನಂಗೆ ಆಮೇಲೆ ಒಂದು ದಿನ ಬರೋಳಿದ್ದೀಯ.”

ಅವಳು ‘ನಿಮ್ಮ ಹೊಲ’ ಎನ್ನಲಿಲ್ಲ, ‘ಅರ್ಧ ದಿನ’ ಎನ್ನಲೂ ಇಲ್ಲ. ಬೊರಾಮ್‌ಳ ಕೈ ನಿಂತಿತು. ಅವಳು ಬದುವಿನ ಕಡೆ ನೋಡಿದಳು. ಯೊನ್‌ಜು ಸಮುದ್ರ ನೋಡುತ್ತಿದ್ದಳು.

“ಶನಿವಾರ ಇಟ್ಕೊಂಡ್ರೆ ನಾನೂ ಬರಬಹುದು,” ಎಂದಳು ಕೊನೆಗೆ. “ಶನಿವಾರ ಶಾಲೆ ಇರಲ್ಲ.”

“ಅಡುಗೆಮನೆ ಕೈ. ಬೆಳ್ಳುಳ್ಳಿ ಸುಲಿಯೋದು ಗೊತ್ತು, ಕೀಳೋದು ಗೊತ್ತಾ?” ಎಂದಳು ಸಾಂಗ್ಜುದಮ್ಮ.

“ನನ್ನ ಮಗಳು ಹೇಳ್ಕೊಡ್ತಾಳೆ ಬಿಡಿ ದೊಡ್ಡಮ್ಮ.”

ಮೋಡ ಗುಡ್ಡದ ಬೆನ್ನಿಗೆ ತಾಗುವ ಹೊತ್ತಿಗೆ ಸಾಲು ಮುಗಿಯಿತು. ಬೊರಾಮ್ ಕೊನೆಯ ಗೆಡ್ಡೆಗಳನ್ನು ತಬ್ಬಿ ಅಳೆದು, ದಾರ ಸುತ್ತಿ ಗಂಟು ಹಾಕಿದಳು. ಕಂತೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಸಾಲಿನತ್ತ ಚಾಚಿದಳು.

“ಅಜ್ಜಿಯ ಅರ್ಧ ದಿನ,” ಎಂದಳು.

ಸಾಂಗ್ಜುದಮ್ಮ ಅಂಗೈಗಳನ್ನು ಬಟ್ಟೆಗೆ ಒರೆಸಿಕೊಂಡಳು. ವಯಸ್ಸಿನಲ್ಲಿ ತನಗಿಂತ ಅಷ್ಟು ಚಿಕ್ಕವಳಾದ ಆ ಹುಡುಗಿಯ ಮುಂದೆ ಸೊಂಟ ಬಾಗಿಸಿ, ಹಿರಿಯರ ಕೈಯಿಂದ ತೆಗೆದುಕೊಳ್ಳುವಂತೆ ಎರಡೂ ಕೈಯೊಡ್ಡಿ, ಕಂತೆಯನ್ನು ತೆಗೆದುಕೊಂಡಳು.

“ಮುಟ್ಟಿತು,” ಎಂದಳು.